ತೋಳಿನ ಲಸಿಕೆ, ಮೂತ್ರಕೋಶದ ಮದ್ದು

ಹುಟ್ಟಿದ ಮಗುವಿಗೆ ಕ್ಷಯ ಬಾರದಿರಲೆಂದು ಎಡತೋಳಿಗೆ ಚುಚ್ಚುವ ಬಿಸಿಜಿ ಲಸಿಕೆಯಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ. ಹಸುವಿನ ಕ್ಷಯದ ರೋಗಾಣುವನ್ನು ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾಂ 1908ರಿಂದ 13 ವರ್ಷ, ಸುಮಾರು 230 ಸಲ ಮರುಬೆಳೆಸಿ ಅದರ ವಿಷ ಇಳಿಸಿದ್ದರು. ಅದೇ ಬ್ಯಾಕ್ಟೀರಿಯಾ ಮೂತ್ರಕೋಶದ ಕ್ಯಾನ್ಸರಿಗೂ ಕೆಲಸ ಮಾಡುತ್ತದೆಂದು ಕೆನಡಾದ ಮೊರಾಲೆಸ್ ತಂಡ 1976ರಲ್ಲಿ ಪ್ರಕಟಿಸಿತು.

ಈ ಚಿಕಿತ್ಸೆಗೆ ಗಡ್ಡೆ ಸ್ನಾಯುವಿಗೆ ಇಳಿದಿರಬಾರದು, ಒಳಪದರದಲ್ಲೇ ಇರಬೇಕು. ಮೊದಲು ಅದನ್ನು ಕೆರೆದು ತೆಗೆಯುತ್ತಾರೆ. ಗಾಯ ಮಾಯಲು ಕನಿಷ್ಠ ಎರಡು ವಾರ ಬಿಟ್ಟು, ಬಿಸಿಜಿಯನ್ನು 50 ಮಿಲಿ ಸಲೈನಿನಲ್ಲಿ ಕದಡಿ ಕ್ಯಾಥೆಟರ್ ಎಂಬ ತೆಳು ಕೊಳವೆಯ ಮೂಲಕ ಮೂತ್ರಕೋಶಕ್ಕೆ ಇಳಿಬಿಡುತ್ತಾರೆ. ವಾರಕ್ಕೊಮ್ಮೆಯಂತೆ ಆರು ವಾರ. ಒಳಪದರಕ್ಕೆ ಅಂಟಿದ ಬ್ಯಾಕ್ಟೀರಿಯಾವನ್ನು ಅಟ್ಟಲು ಬಂದ ರಕ್ಷಣಾ ಕಣಗಳು ಉಳಿದ ಕ್ಯಾನ್ಸರ್ ಕಣಗಳನ್ನೂ ಕೊಲ್ಲುತ್ತವೆ.

ಔಷಧ ಎರಡು ಗಂಟೆ ಒಳಗೆ ನಿಲ್ಲಬೇಕು. ಹಾಗಾಗಿ ಮಡಿಕೇರಿಯಿಂದ ಮೈಸೂರಿಗೆ ಇದಕ್ಕೆಂದು ಹೋಗುವವರು ಅಂದು ಬೆಳಗ್ಗೆ ಕಾಫಿ ಕುಡಿಯದಿರುವುದೇ ಒಳ್ಳೆಯದು. ಕಾಫಿ ಬೇಗ ಮೂತ್ರ ತರಿಸುತ್ತದೆ. ಮುಗಿದ ಕೂಡಲೇ ಬಸ್ಸು ಹತ್ತುವುದೂ ತಪ್ಪು. ಮುಂದಿನ ಆರು ಗಂಟೆಯ ಮೂತ್ರದಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ: ಕುಳಿತೇ ಹೊಯ್ಯಬೇಕು, ಬ್ಲೀಚ್ ಸುರಿದು 15 ನಿಮಿಷ ಬಿಟ್ಟು ನೀರು ಹಾಕಬೇಕು. ದಾರಿಬದಿಯಲ್ಲಿ ಇದೆಲ್ಲ ಆಗುವ ಮಾತಲ್ಲ. ಹೋಗುವ ಮುಂಚೆಯೇ ಉಳಿಯಲು ಒಂದು ಜಾಗ ನೋಡಿಕೊಳ್ಳಿ.

ಬೇರೆ ಬ್ಯಾಕ್ಟೀರಿಯಾಗಳ ಪ್ರಯತ್ನವೂ ನಡೆದಿದೆ. ಕಾಫಿ ಹಣ್ಣಿನ ಸಿಪ್ಪೆ ಸುರಿಯುವ ತೋಟದ ಪಲ್ಪ್ ಗುಂಡಿಯನ್ನು ಕೋಲಿನಿಂದ ಕೆದಕಿ ನೋಡಿ: ಮೇಲೆ ಒಣಗಿದ ಸಿಪ್ಪೆ, ಒಳಗೆ ಕಪ್ಪು ರಾಡಿ, ಹುಳಿ ನಾತ. ಗಾಳಿ ತಲುಪದ ಆ ಜಾಗದಲ್ಲಿ ಬದುಕುವ ಜೀವಿಗಳೇ ಬೇರೆ. ದೊಡ್ಡ ಗಡ್ಡೆಯ ನಡುವೆಯೂ ಆಮ್ಲಜನಕ ಕಡಿಮೆ. ಅಲ್ಲಿ ಬೆಳೆಯಬಲ್ಲ ಸಾಲ್ಮೊನೆಲ್ಲಾವನ್ನು ಪಳಗಿಸಿ 25 ರೋಗಿಗಳ ರಕ್ತಕ್ಕೆ ಬಿಟ್ಟರು. ಅದು ನೆಲೆಯೂರಿದ್ದು ಮೂವರ ಗಡ್ಡೆಯಲ್ಲಿ ಮಾತ್ರ, ಯಾರ ಗಡ್ಡೆಯೂ ಕರಗಲಿಲ್ಲವೆಂದು 2002ರಲ್ಲಿ ವರದಿಯಾಯಿತು. ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಸೋತಿತು.

ಬಿಸಿಜಿಯಿಂದ ದೊಡ್ಡ ಅಪಾಯ ಬರುವುದು ಬಹುಮಟ್ಟಿಗೆ ಕ್ಯಾಥೆಟರ್ ಗೀರಿ ರಕ್ತ ಬಂದಾಗ. ರಕ್ತ ಕಂಡರೆ ಆ ವಾರದ ಡೋಸ್ ಹಾಕಲೇಬಾರದು, ಹಾಕಿದರೆ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಮೈಯೆಲ್ಲ ಹರಡಬಹುದು. ಒಂದೆರಡು ದಿನದ ಉರಿಮೂತ್ರ, ಮೈಬಿಸಿ ಸಹಜ. 48 ಗಂಟೆ ದಾಟಿದ ಜ್ವರ ಸಹಜವಲ್ಲ. ಮಳೆಗಾಲದ ಕೊಡಗಿನಲ್ಲಿ ಅದನ್ನು ಇಲಿಜ್ವರವೆಂದುಕೊಳ್ಳುವುದು ಸುಲಭ, ಆದ್ದರಿಂದ ಬಿಸಿಜಿ ಹಾಕಿಸಿಕೊಂಡದ್ದನ್ನು ಊರಿನ ಡಾಕ್ಟರಿಗೆ ಮೊದಲೇ ಹೇಳಿ. ಆಗ ಬೇಕಾಗುವುದು ಐಸೋನಿಯಾಜಿಡ್, ರಿಫಾಂಪಿಸಿನ್‌ನಂಥ ಕ್ಷಯದ ಮಾತ್ರೆಗಳು. ಅವುಗಳಲ್ಲೂ ಪೈರಾಜಿನಮೈಡ್‌ಗೆ ಈ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ.