ಗ್ಯಾಸ್ ಡಿಟೆಕ್ಟರ್‌ಗೆ ಮುಪ್ಪು ಎಲ್ಲಿಂದ ಬರುತ್ತದೆ?

ಮಾಟುಂಗಾದ ನಮ್ಮನೆ ಎಕ್ಸಾಸ್ಟ್ ಫ್ಯಾನ್ ಒರೆಸುವಾಗಲೆಲ್ಲ ನನಗೆ ಪ್ರೋಟಾನ್‌ನಂಥ ಸೂಕ್ಷ್ಮ ಕಣಗಳನ್ನು ಹಿಡಿಯುವ, ಗ್ಯಾಸ್ ತುಂಬಿದ ಡಿಟೆಕ್ಟರ್ ನೆನಪಾಗುತ್ತದೆ. ರೆಕ್ಕೆಯ ಮೇಲೆ ಯಾರೂ ಎಣ್ಣೆ ಸುರಿದಿಲ್ಲ, ಆದರೂ ಜಿಡ್ಡು ಕೂತಿರುತ್ತದೆ. ಡಿಟೆಕ್ಟರ್ ಒಳಗೂ ಹೀಗೇ ಆಗುತ್ತದೆ.

ಅಲ್ಲಿರುವುದು ಗ್ಯಾಸ್ ಮತ್ತು ಕೂದಲಿಗಿಂತ ತೆಳುವಾದ, ಚಿನ್ನ ಲೇಪಿಸಿದ ತಂತಿ. ಕಣ ಹಾದುಹೋದರೆ ಗ್ಯಾಸಿನಿಂದ ಎಲೆಕ್ಟ್ರಾನ್ ಹೊರಬೀಳುತ್ತದೆ. ತಂತಿಯ ಹತ್ತಿರ ಒಂದು ಹೋಗಿ ಸಾವಿರಾರು ಆಗುತ್ತವೆ. ಅದೇ ಸಿಗ್ನಲ್. ಆದರೆ ಅದೇ ಜಾಗದಲ್ಲಿ ಗ್ಯಾಸಿನ ಅಣುಗಳೂ ಒಡೆದು, ಚೂರುಗಳು ಕೂಡಿಕೊಂಡು ತಂತಿಗೆ ಅಂಟುತ್ತವೆ. ತಂತಿ ದಪ್ಪವಾದಷ್ಟೂ ಸಿಗ್ನಲ್ ಕುಗ್ಗುತ್ತದೆ. ಇದೇ ಡಿಟೆಕ್ಟರ್‌ನ ಮುಪ್ಪು.

1968ರಲ್ಲಿ ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಜಾರ್ಜ್ ಶಾರ್ಪಾಕ್ ಸಾಲುಸಾಲು ತಂತಿಗಳ ಡಿಟೆಕ್ಟರ್ ಮಾಡಿದರು. 1980ರ ದಶಕದಲ್ಲಿ ನಮ್ಮ ಕೆಜಿಎಫ್ ಗಣಿಯ ಆಳದಲ್ಲಿ ಪ್ರೋಟಾನ್ ಒಡೆಯುತ್ತದಾ ಅಂತ ಹುಡುಕಿದ್ದೂ ಗ್ಯಾಸ್ ಕೌಂಟರ್‌ಗಳಿಂದಲೇ. ತಂತಿ ಹಾಳಾದಾಗ ಗ್ಯಾಸಿನ ಮೇಲೆ ಅನುಮಾನ ಬರುವುದು ಸಹಜ. ಆದರೆ ತೆಗೆದು ನೋಡಿದರೆ ಎಷ್ಟೋ ತಂತಿಗಳ ಮೇಲೆ ಸಿಲಿಕಾನ್ ಸಿಕ್ಕಿತು. ಗ್ಯಾಸಿನಲ್ಲಿ ಇಲ್ಲದ ಸಿಲಿಕಾನ್ ಎಲ್ಲಿಂದ ಬಂತು? ಸಿಲಿಕೋನ್ ಗ್ರೀಸಿನಿಂದ, ರಬ್ಬರ್ ರಿಂಗಿನಿಂದ, ಗ್ಯಾಸನ್ನು ಗುಳ್ಳೆಗಳಾಗಿ ಹಾಯಿಸುವ ಬಬ್ಲರ್‌ನ ಎಣ್ಣೆಯಿಂದ. 1986ರಲ್ಲಿ ಬರ್ಕ್ಲಿಯಲ್ಲಿ ಈ ಮುಪ್ಪಿಗಾಗಿಯೇ ಒಂದು ಕಾರ್ಯಾಗಾರ ನಡೆಯಿತು.

ನನ್ನನ್ನು ಜಾಸ್ತಿ ಕಾಡುವುದು ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗದ ಕಥೆ. ಒಳಗೆ ತಂತಿಯಿರುವ ಸಾವಿರಾರು ಟ್ಯೂಬ್‌ಗಳನ್ನು ಜೋಡಿಸಿದ್ದ ಅಂಟಿನಿಂದ ಆವಿ ಹೊರಟು ತಂತಿ ಸೇರಿತು. ವಿಕಿರಣ ವಿಪರೀತ ಬಿದ್ದ ಕಡೆಗಿಂತ ಸಾಧಾರಣವಾಗಿ ಬಿದ್ದ ಕಡೆಯೇ ಹಾನಿ ಹೆಚ್ಚು! ಹಾನಿ ತಗ್ಗಿಸಲು ಬಿಸಿ ಮಾಡಿ ಗ್ಯಾಸ್ ಹಾಯಿಸಿದರು, ಸ್ವಲ್ಪ ಆಮ್ಲಜನಕ ಬೆರೆಸಿದರು. ಯಾವ ಅಂಟು ಬಳಸಬೇಕು ಅಂತ ಆಯ್ಕೆ ಮಾಡುವ ಕೆಲಸ ಚಿಕ್ಕದು ಅಂತ ಇನ್ನು ಯಾರೂ ಹೇಳಬಾರದು.

ಜಪಾನಿನ ಬೆಲ್ ಪ್ರಯೋಗದಲ್ಲಿ ತಪ್ಪು ಪೈಪಿನದು. ಅಲ್ಲಿ ತಂತಿ ಇಲ್ಲ, ಗಾಜಿನ ಎರಡು ಹಾಳೆಗಳ ನಡುವೆ ಗ್ಯಾಸ್. ಪ್ಲಾಸ್ಟಿಕ್ ಪೈಪಿನ ಗೋಡೆ ದಾಟಿ ಹವೆಯ ತೇವ ಒಳಗೆ ಬಂತು. ತೇವ ಮತ್ತು ಫ್ಲೋರಿನ್ ಇರುವ ಗ್ಯಾಸ್ ಸೇರಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ, ಅದು ಗಾಜನ್ನೇ ತಿನ್ನುತ್ತದೆ. ಕೊನೆಗೆ ತಾಮ್ರದ ಪೈಪು ಹಾಕಿದರು.

ಮುಂಬೈಯ ಕೊಲಾಬಾದಲ್ಲಿರುವ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ, ನ್ಯೂಟ್ರಿನೊ ಎಂಬ ಕಣದ ಅಧ್ಯಯನದ ಐಎನ್‌ಒ ಯೋಜನೆಗೆಂದು ಮಾಡಿದ್ದೂ ಇದೇ ಜಾತಿಯ ಗಾಜಿನ ಡಿಟೆಕ್ಟರ್. ಸುತ್ತ ಮೂರು ಕಡೆ ಸಮುದ್ರ. ಜುಲೈನಲ್ಲಿ ಇಲ್ಲಿ ಡಬ್ಬಿಯ ಉಪ್ಪೂ ನೀರಾಗುತ್ತದೆ. ಗ್ಯಾಸಿನ ತೇವ ಅಳೆಯುವ ಮೀಟರ್ ಮೇಲೆ ಕಣ್ಣಿಟ್ಟೇ ಇರಬೇಕು.