ಇಬ್ಬನಿ ಇಲ್ಲದ ಬೆಳಗ್ಗೆ ಫೆಸೆಂಟ್ ಎಣಿಸಬೇಡಿ

ಆಗಸ್ಟ್ ಕೊನೆ ವಾರ ಬಂತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ಇಲ್ಲಿ ಅಮೆರಿಕದ ಅಯೋವಾ ರಾಜ್ಯದ ರೈತರು, ಜಮೀನು ಹಳ್ಳಿಯಲ್ಲಿಟ್ಟು ತಾವು ಪೇಟೆಯಲ್ಲಿರುವವರು, ಈಗಷ್ಟೇ ಬೇಟೆ ಕಲಿಯುತ್ತಿರುವ ನಮ್ಮ ಕನ್ನಡದ ಹುಡುಗರು ಒಂದಿಬ್ಬರು, ಎಲ್ಲರದ್ದೂ ಒಂದೇ ಮಾತು. "ನಿನ್ನೆ ಗಾಡೀಲಿ ಜಮೀನು ಸುತ್ತ ಓಡಾಡಿ ಬಂದೆ, ಒಂದು ಹಕ್ಕೀನೂ ಕಾಣ್ಲಿಲ್ಲ. ಈ ವರ್ಷ ಫೆಸೆಂಟ್ ಇಲ್ಲ ಬಿಡಿ." ಫೆಸೆಂಟ್ ಅಂದರೆ ಹುಲ್ಲಿನಲ್ಲಿ ಗೂಡು ಮಾಡುವ, ಕೋಳಿ ಜಾತಿಯ ಬೇಟೆ ಹಕ್ಕಿ. ಎಷ್ಟು ಹೊತ್ತಿಗೆ ಹೋಗಿದ್ರಿ, ಹುಲ್ಲು ಒದ್ದೆ ಇತ್ತಾ ಅಂತ ಕೇಳುತ್ತೇನೆ. ಆ ಕಡೆಯಿಂದ ಸದ್ದಿಲ್ಲ. ಅರ್ಧಕ್ಕರ್ಧ ಜನ ಹೋಗಿರುವುದು ತಿಂಡಿ ತಿಂದು, ಬಿಸಿಲು ಏರಿದ ಮೇಲೆ.

ತಪ್ಪು ಎಣಿಸಿ ಸುಮ್ಮನಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಹಾಗೆ ಎಣಿಸಿದವರು ಮಾರನೇ ದಿನವೇ ಹುಲ್ಲು ಕೊಯ್ಯುವವನಿಗೆ ಹೇಳಿ ಕಳಿಸುತ್ತಾರೆ. ಹಕ್ಕಿಯೇ ಇಲ್ಲ ಅಂದ ಮೇಲೆ ಹುಲ್ಲು ಯಾಕೆ ಅಂತ. ಜಮೀನಿನಲ್ಲಿ ಹುಲ್ಲು ಉಳಿಸಿಕೊಳ್ಳಿ ಅಂತ ಸಲಹೆ ಕೊಡುವುದೇ ನನ್ನ ಕೆಲಸ, ಹಾಗಾಗಿ ಇದು ನನಗೆ ಬಹಳ ನೋವು ಕೊಡುವ ವಿಷಯ.

ಇಲ್ಲಿ ಸರ್ಕಾರ ಮಾಡುವ ಎಣಿಕೆ ಹೇಗೆ ಅಂತ ಮೊದಲು ನೋಡಿ. ಪ್ರತಿ ವರ್ಷ ಆಗಸ್ಟ್ 1ರಿಂದ 15ರ ಒಳಗೆ, ರಾಜ್ಯದ ಉದ್ದಗಲಕ್ಕೆ 200ಕ್ಕೂ ಹೆಚ್ಚು ದಾರಿಗಳಲ್ಲಿ, ಒಂದೊಂದು ದಾರಿ 30 ಮೈಲಿ, ಅಂದರೆ ಸುಮಾರು 48 ಕಿಲೋಮೀಟರ್, ಸೂರ್ಯ ಹುಟ್ಟುವ ಹೊತ್ತಿಗೆ ಶುರು ಮಾಡಿ ಜಲ್ಲಿ ರಸ್ತೆಯಲ್ಲಿ ನಿಧಾನಕ್ಕೆ ಗಾಡಿ ಓಡಿಸುತ್ತಾ ಕಂಡದ್ದನ್ನು ಬರೆದುಕೊಳ್ಳುತ್ತಾರೆ. ಯಾವ ದಿನ ಬೇಕಾದರೂ ಹೋಗುವ ಹಾಗಿಲ್ಲ. ಗಾಳಿ ಇರಬಾರದು, ಆಕಾಶ ತಿಳಿಯಾಗಿರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಜೋರು ಇಬ್ಬನಿ ಬಿದ್ದಿರಬೇಕು. ಅಷ್ಟೆಲ್ಲ ಆದ ಮೇಲೂ ಬರುವ ಅಂಕಿ "ಒಂದು ದಾರಿಗೆ ಸರಾಸರಿ ಇಷ್ಟು ಹಕ್ಕಿ ಕಂಡವು" ಅನ್ನುವುದು ಮಾತ್ರ. ರಾಜ್ಯದಲ್ಲಿ ಒಟ್ಟು ಎಷ್ಟಿವೆ ಅನ್ನುವ ಲೆಕ್ಕ ಅದಲ್ಲ. ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಿ ನೋಡುವುದಕ್ಕೆ ಅದು. ಪಕ್ಕದ ದಕ್ಷಿಣ ಡಕೋಟಾದಲ್ಲಿ ಫೆಸೆಂಟ್ ರಾಜ್ಯಪಕ್ಷಿ, ಅಲ್ಲೂ ಬಹಳ ವರ್ಷ ಇಂಥ ಎಣಿಕೆ ನಡೆಯುತ್ತಿತ್ತು. 2020ರಲ್ಲಿ ನಿಲ್ಲಿಸಿಬಿಟ್ಟರು. ಅದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ.

ಇಬ್ಬನಿ ಯಾಕೆ ಬೇಕು? ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಂದು ಸಲ ಹೇಳುತ್ತೇನೆ. ಫೆಸೆಂಟ್ ಮರಿಗಳು ರಾತ್ರಿ ಮಲಗುವುದು ನೆಲದ ಮೇಲೆ, ಹುಲ್ಲಿನ ಒಳಗೆ. ಇಬ್ಬನಿ ಸುರಿದ ಬೆಳಗ್ಗೆ ಆ ಹುಲ್ಲಿನಲ್ಲಿ ನೀವು ಹತ್ತು ಹೆಜ್ಜೆ ನಡೆದರೆ ಪ್ಯಾಂಟು ತೊಡೆಯವರೆಗೂ ತೊಯ್ಯುತ್ತದೆ. ಇನ್ನು ಮರಿಗಳ ಗತಿ ಏನಾಗಬೇಕು ಹೇಳಿ! ಪುಕ್ಕ ಒದ್ದೆಯಾಗಿ ಮೈ ತಣ್ಣಗಾಗುತ್ತದೆ. ಅದಕ್ಕೇ ಬಿಸಿಲು ಬೀಳುತ್ತಿದ್ದಂತೆ ತಾಯಿ ಅವನ್ನು ಹೊರಗೆ ಕರೆತರುತ್ತದೆ. ಹೊರಗೆ ಅಂದರೆ ಎಲ್ಲಿಗೆ? ಹುಲ್ಲಿಲ್ಲದ, ಬಿಸಿಲು ಬೇಗ ತಾಗುವ ಜಾಗಕ್ಕೆ. ಜಲ್ಲಿ ರಸ್ತೆ ಅದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಮೈ ಒಣಗುವವರೆಗೆ ಅಲ್ಲಿರುತ್ತವೆ, ಆಮೇಲೆ ಮತ್ತೆ ಹುಲ್ಲಿನೊಳಗೆ ಮಾಯ.

ಇಬ್ಬನಿಯೇ ಬೀಳದಿದ್ದರೆ? ಮರಿಗಳ ಮೈ ಒಣಗಿಯೇ ಇದೆ, ರಸ್ತೆಗೆ ಬಂದು ಗಿಡುಗನ ಕಣ್ಣಿಗೆ ಬೀಳುವ ದರ್ದು ತಾಯಿಗೆ ಏನಿದೆ? ಒಳಗೇ ಮೇಯುತ್ತವೆ. ನೀವು ರಸ್ತೆಯಲ್ಲಿ ಹೋಗುತ್ತೀರಿ, ನಿಮ್ಮಿಂದ ಇಪ್ಪತ್ತು ಅಡಿ ಆಚೆಗೆ ಹತ್ತು ಮರಿ ಮಿಡತೆ ಹಿಡಿಯುತ್ತಿರುತ್ತವೆ, ನಿಮಗೆ ಗೊತ್ತೇ ಆಗುವುದಿಲ್ಲ. ಬರಗಾಲದ ಆಗಸ್ಟ್‌ನಲ್ಲಿ ಹೀಗೆ ಆಗುವುದು ಜಾಸ್ತಿ. ನೆಲದಲ್ಲಿ ತೇವವಿಲ್ಲ, ಇಬ್ಬನಿ ಸರಿಯಾಗಿ ಕಟ್ಟುವುದಿಲ್ಲ, ಕಾಣುವ ಹಕ್ಕಿ ಕಡಿಮೆ.

ತುಮಕೂರು ಕಡೆ ಹುರುಳಿ ಹೊಲದ ಬದುವಿನಲ್ಲಿ ಗೌಜಲಕ್ಕಿ ಕೂಗು ಕೇಳಿಕೊಂಡು ಬೆಳೆದವನು ನಾನು. ಬೆಳಗ್ಗೆ ಸಂಜೆ ಕಿವಿ ತುಂಬ ಕೂಗು. ಕಣ್ಣಿಗೆ ಬೀಳುತ್ತಿದ್ದದ್ದು ವಾರಕ್ಕೊಂದು ಸಲವೋ ಎರಡು ಸಲವೋ. ಹಾಗಂತ ಗೌಜಲಕ್ಕಿ ಇಲ್ಲ ಅಂತ ನಮ್ಮಲ್ಲಿ ಯಾರೂ ಹೇಳುತ್ತಿರಲಿಲ್ಲ. ಫೆಸೆಂಟ್ ಕೂಡ ಅದೇ ಕುಟುಂಬದ್ದು, ಅದೇ ಬುದ್ಧಿ.

ವಾಯವ್ಯ ಅಯೋವಾದ ಹಿರಿಯರೊಬ್ಬರ ವಿಷಯ ಹೇಳಬೇಕು. ಎಪ್ಪತ್ತು ದಾಟಿದ ಒಂಟಿ ಜೀವ. 14 ಎಕರೆ ಹುಲ್ಲು, ಉಳಿಸಲೇಬೇಕು ಅನ್ನುವ ಯಾವ ಸರ್ಕಾರಿ ಒಪ್ಪಂದವೂ ಇಲ್ಲದ ಸ್ವಂತದ್ದು. ಆ ವರ್ಷ ಆಗಸ್ಟ್ ಪೂರ್ತಿ ಒಣ. ಹತ್ತು ದಿನ ಸುತ್ತಿ ಒಂದೂ ಕಾಣದೆ, ಕೊಯ್ಯಲು ಟ್ರ್ಯಾಕ್ಟರಿನವನಿಗೆ ದಿನ ಗೊತ್ತು ಮಾಡಿ ಆಮೇಲೆ ನನಗೆ ಫೋನ್ ಮಾಡಿದರು. ಒಂದು ಮಳೆ ಬರುವವರೆಗೆ ತಡೀರಿ, ಬೇಕಾದರೆ ನಾನೇ ಬರುತ್ತೇನೆ ಅಂತ ಗೋಗರೆದೆ. ಮಳೆ ಬಂತು. ಮೂರನೇ ದಿನ ರಾತ್ರಿ ಆಕಾಶ ತಿಳಿಯಾಯಿತು, ಗಾಳಿ ನಿಂತಿತು. ಬೆಳಗ್ಗೆ 6:30ಕ್ಕೆ ಅವರ ಪಿಕಪ್‌ನಲ್ಲಿ, ಇಂಜಿನ್ ಆರಿಸಿ ಕೂತಿದ್ದೆವು. ಗಾಜಿನ ಹೊರಗೆ ನೀರು ಹನಿಹನಿಯಾಗಿ ಇಳಿಯುತ್ತಿತ್ತು.

ಮೊದಲು ಒಂದು ಹೇಂಟೆ ಹುಲ್ಲಿನ ಅಂಚಿಗೆ ಬಂತು. ಕತ್ತು ನೆಟ್ಟಗೆ ಮಾಡಿ ನಿಂತಿತು, ಎರಡು ನಿಮಿಷವಾದರೂ ಅಲುಗಲಿಲ್ಲ. ಆಮೇಲೆ ಜಲ್ಲಿ ಮೇಲೆ ನಾಲ್ಕು ಹೆಜ್ಜೆ ಇಟ್ಟು ಮೈ ಕೊಡವಿತು. ಅದರ ಹಿಂದೆ ಒಂದು, ಎರಡು, ನಾಲ್ಕು, ಒಟ್ಟು ಒಂಬತ್ತು ಮರಿ. ದೊಡ್ಡವೇ. ಗಂಡು ಮರಿಗಳ ಎದೆಯಲ್ಲಿ ಬಣ್ಣ ಇಣುಕುತ್ತಿತ್ತು, ಅಂದರೆ ಏಳೆಂಟು ವಾರ ಆಗಿದೆ. ಸ್ವಲ್ಪ ಆಚೆ ಇನ್ನೊಂದು ಹೇಂಟೆ, ಅದರ ಮರಿಗಳು ಪುಟ್ಟವು. ಮೊದಲ ಗೂಡು ಹಾಳಾಗಿ ಎರಡನೇ ಸಲ ಮೊಟ್ಟೆ ಇಟ್ಟಿದ್ದಿರಬೇಕು. ಆ ಹಿರಿಯರು ಮಾತೇ ಆಡಲಿಲ್ಲ. ತುಟಿ ಅಲುಗಿಸಿ ಎಣಿಸುತ್ತಿದ್ದರು. ಟ್ರ್ಯಾಕ್ಟರಿನವನಿಗೆ ಬೇಡ ಅಂತ ಅಲ್ಲಿಂದಲೇ ಫೋನ್ ಹೋಯಿತು.

ಆಗಸ್ಟ್ ಕೊನೆಗೆ ಕೊಯ್ದ ಹುಲ್ಲು ಹಿಮ ಬೀಳುವುದರೊಳಗೆ ಮತ್ತೆ ಬೆಳೆದು ಮರೆ ಕೊಡುವುದಿಲ್ಲ. ಇನ್ನೊಂದು ಮಾತು, ಇದು ಜನಕ್ಕೆ ಹೊಳೆಯುವುದೇ ಇಲ್ಲ: ಬರುವ ಏಪ್ರಿಲ್‌ನಲ್ಲಿ ಹೇಂಟೆ ಗೂಡಿಗೆ ಜಾಗ ಹುಡುಕುವಾಗ ಹೊಸ ಹುಲ್ಲು ಇನ್ನೂ ಗೇಣುದ್ದವೂ ಎದ್ದಿರುವುದಿಲ್ಲ. ಅದು ಕೂರುವುದು ಈ ವರ್ಷದ ಒಣಗಿ ನಿಂತ ಹುಲ್ಲಿನ ಬುಡದಲ್ಲಿ. ಈಗ ಕೊಯ್ದರೆ ಈ ಚಳಿಗಾಲದ ಜೊತೆ ಮುಂದಿನ ಬೇಸಿಗೆಯೂ ಹೋಯಿತು.

ಹಾಗಂತ ಕಾಣದಿದ್ದರೂ ಹಕ್ಕಿ ಇದ್ದೇ ಇರುತ್ತವೆ ಅಂತ ನಾನು ಹೇಳುತ್ತಿಲ್ಲ. ನಿಜವಾಗಿ ಕುಸಿಯುವ ಕಾಲವೂ ಉಂಟು. 2007ರಿಂದ 2011ರವರೆಗೆ ಸತತ ಐದು ವರ್ಷ ಇಲ್ಲಿ ಹಿಮ ಜಾಸ್ತಿ, ವಸಂತದಲ್ಲಿ ಮಳೆ ಜಾಸ್ತಿ. ಆಗ ಹಕ್ಕಿ ನಿಜಕ್ಕೂ ಹೋದವು. ನಮ್ಮ ಕೈಯಲ್ಲಿ ಒಂದು ಅಂದಾಜು ಲೆಕ್ಕ ಇದೆ: ಚಳಿಗಾಲದ ಒಟ್ಟು ಹಿಮ ಸುಮಾರು 30 ಇಂಚಿಗಿಂತ ಕಡಿಮೆ, ಏಪ್ರಿಲ್ ಮೇ ಎರಡೂ ಸೇರಿ ಮಳೆ 8 ಇಂಚಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಹಕ್ಕಿ ಹೆಚ್ಚುತ್ತವೆ. ಸಾಮಾನ್ಯವಾಗಿ, ಅಷ್ಟೇ. ನಿಮ್ಮ ಸುತ್ತಮುತ್ತ ಹುಲ್ಲೇ ಇಲ್ಲದಿದ್ದರೆ ಹವೆ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಒದ್ದೆ ಬೆಳಗ್ಗೆ ಹೋಗಿ, ಬೇರೆ ಬೇರೆ ದಿನ ಹೋಗಿ, ಎರಡು ಮೂರು ವರ್ಷ ಹೋಗಿ, ಆಗಲೂ ಕಾಣದಿದ್ದರೆ ಕೂತು ಮಾತಾಡೋಣ. ಹೋಗುವಾಗ ಒಂದು ನೋಟ್‌ಬುಕ್ ಇರಲಿ. ಹಕ್ಕಿ ಎಷ್ಟು ಅನ್ನುವುದರ ಪಕ್ಕದಲ್ಲೇ ಇಬ್ಬನಿ ಹೇಗಿತ್ತು ಅಂತಲೂ ಬರೆಯಿರಿ. ಅದಿಲ್ಲದ ಅಂಕಿ ನನಗೆ ಬೇಡ.

ಊರಿನಿಂದ ಕೆಲವರು ಕೇಳುತ್ತಾರೆ, ಇಷ್ಟೆಲ್ಲ ಅಕ್ಕರೆ ಇರುವವನು ಬೇಟೆಯವರ ಜೊತೆ ಹೇಗೆ ಕೆಲಸ ಮಾಡುತ್ತೀಯ ಅಂತ. ಭಾರತದಲ್ಲಿ ಬೇಟೆ ತಡೆಯುವ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅದು ನಮಗೆ ಸರಿ. ಇಲ್ಲಿ ಈ ಹಕ್ಕಿ ಏಷ್ಯಾದಿಂದ ಬಂದದ್ದು, ಹೊಡೆಯಬಹುದಾದದ್ದು ಹುಂಜ ಮಾತ್ರ, ಒಬ್ಬರಿಗೆ ದಿನಕ್ಕೆ 3. ಒಂದು ಹುಂಜ ಹಲವು ಹೇಂಟೆಗೆ ಸಾಕು, ಹಾಗಾಗಿ ಮುಂದಿನ ವರ್ಷದ ಮರಿಗಳಿಗೆ ಅದರಿಂದ ಅಷ್ಟು ಪೆಟ್ಟಿಲ್ಲ. ಲೈಸೆನ್ಸಿನ ಜೊತೆ ಕಟ್ಟುವ ದುಡ್ಡು ಹುಲ್ಲುಗಾವಲಿಗೆ ಬರುತ್ತದೆ. ಆ ದುಡ್ಡಿನಲ್ಲಿ ಉಳಿದ ಹುಲ್ಲನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನು ಸೀಸನ್. ಅಕ್ಟೋಬರ್ ಕೊನೆ ಶನಿವಾರ ಶುರು, ಜನವರಿ 10ರವರೆಗೆ, ಬೆಳಗ್ಗೆ 8ರಿಂದ ಸಂಜೆ 4:30. ಮೊದಲ ಶನಿವಾರ ಮಧ್ಯಾಹ್ನವೇ ಮತ್ತೆ ಅದೇ ಫೋನು, "ಹಕ್ಕಿ ಇಲ್ಲ." ಆಗ ಕೇಳುವ ಪ್ರಶ್ನೆ ಬೇರೆ. ನಿಮ್ಮ ಪಕ್ಕದ ಮುಸುಕಿನ ಜೋಳ ಕೊಯ್ದಾಗಿದೆಯಾ? ಆಳೆತ್ತರದ ಜೋಳ ಸಾಲುಸಾಲು ನಿಂತಿದ್ದರೆ ಹಕ್ಕಿ ಹಗಲೆಲ್ಲ ಅದರೊಳಗೇ. ಊಟವೂ ಅಲ್ಲೇ, ಮರೆಯೂ ಅಲ್ಲೇ. ನಾಯಿ ಬಿಟ್ಟರೆ ಸಾಲಿನ ನಡುವೆ ಓಡಿ ಹೊಲದ ಆ ತುದಿಗೆ ಹೋಗುತ್ತವೆಯೇ ಹೊರತು ಮೇಲೆ ಏಳುವುದಿಲ್ಲ. ಮಳೆ ಹಿಡಿದು ಕೊಯ್ಲು ತಡವಾದ ವರ್ಷ ಹಕ್ಕಿ ತುಂಬ ಇದ್ದರೂ ಮೊದಲ ವಾರ ಬರಿಗೈ. ಒಣ ಹವೆಯಲ್ಲಿ ಕೊಯ್ಲು ಬೇಗ ಮುಗಿದರೆ ಎಲ್ಲ ಬಂದು ಹುಲ್ಲಿನಲ್ಲಿ ಸೇರಿಕೊಂಡಿರುತ್ತವೆ.

ಹಾಗಾಗಿ ಈಗ ಮಾಡಬೇಕಾದದ್ದು ಇಷ್ಟು. ಪಕ್ಕದ ಹೊಲದವರನ್ನು ಮಾತಾಡಿಸಿ, ಕೊಯ್ಲಿನ ಯಂತ್ರ ಕಂಬೈನ್ ಯಾವಾಗ ಇಳಿಸುತ್ತಾರೆ ಕೇಳಿ. ಜೋಳ ನಿಂತಿದ್ದರೆ ಬೆಳಗ್ಗೆ ಸುಮ್ನೆ ಅಲೆಯಬೇಡಿ, ಮೂರೂವರೆ ಹೊತ್ತಿಗೆ ಜೋಳಕ್ಕೆ ಅಂಟಿಕೊಂಡಿರುವ ಹುಲ್ಲಿಗೆ ಹೋಗಿ, ಮಲಗಲು ವಾಪಸ್ ಬರುವ ಹೊತ್ತು ಅದು. ಡಿಸೆಂಬರ್‌ನಲ್ಲಿ ಹಿಮ ಬಿದ್ದ ಮೇಲೆ ಜೊಂಡು ಬೆಳೆದ ತಗ್ಗುಗಳನ್ನು ನೋಡಿ. ಅಲ್ಲಿಯವರೆಗೆ ಆ 14 ಎಕರೆಯಂಥ ಹುಲ್ಲು ನಿಮ್ಮದೂ ಇದ್ದರೆ, ದಯವಿಟ್ಟು ಅದರ ತಂಟೆಗೆ ಹೋಗಬೇಡಿ.