ಬೆಕ್ಕಿನ ಕಣ್ಣಿಗೆ ತಾತನ ಡ್ರಾಪ್ಸ್

ಹೋದ ಬೇಸಿಗೆಯಲ್ಲಿ ಕುರುಗೋಡು ಕಡೆಯಿಂದ ಒಬ್ಬ ಹುಡುಗ ಅಮ್ಮನ ಜೊತೆ ಬಳ್ಳಾರಿಯ ನಮ್ಮ ಕ್ಲಿನಿಕ್ಕಿಗೆ ಬಂದಿದ್ದ. ತರಕಾರಿ ಬುಟ್ಟಿಯಲ್ಲಿ ಹಳೇ ಟವೆಲ್ಲು, ಅದರೊಳಗೆ ಬೂದು ಬಣ್ಣದ ಬೆಕ್ಕು. ಎಡಗಣ್ಣು ಗೀಜು ಕಟ್ಟಿ ಅಂಟಿಕೊಂಡಿತ್ತು. ಮನೇಲಿ ಏನಾದರೂ ಹಾಕಿದ್ರಾ ಎಂದು ಕೇಳಿದೆ. ಅಮ್ಮ ಪರ್ಸಿನಿಂದ ಒಂದು ಸಣ್ಣ ಬಾಟಲಿ ತೆಗೆದರು. "ನಮ್ಮ ಮಾವಂಗೆ ಪೊರೆ ಆಪರೇಶನ್ ಆದಾಗ ಕೊಟ್ಟಿದ್ರು ರೀ ಸರ್. ಇನ್ನೂ ಅರ್ಧ ಇತ್ತು. ಎರಡು ದಿನ ಚಲೋ ಆಗಿತ್ತು, ಆಮೇಲೆ ಹಿಂಗಾತು."

ಆ ಎರಡು ದಿನದ ಚಲೋನೇ ಮೋಸ. ಆಪರೇಶನ್ ನಂತರ ಕೊಡುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ಅದು ಕೆಂಪು, ಊತ ಇಳಿಸುತ್ತದೆ, ಆದರೆ ಗಾಯ ಮಾಯಲು ಬಿಡುವುದಿಲ್ಲ. ನಾನು ಕಿತ್ತಳೆ ಬಣ್ಣದ ಫ್ಲೋರೆಸಿನ್ ಪಟ್ಟಿ (ಗಾಯ ಇದ್ದಲ್ಲಿ ಹಿಡಿದುಕೊಳ್ಳುವ ಬಣ್ಣದ ಕಾಗದ) ತೋಯಿಸಿ ಕಣ್ಣಿಗೆ ಮುಟ್ಟಿಸಿ, ಲೈಟ್ ಆರಿಸಿ, ನೀಲಿ ಟಾರ್ಚ್ ಹಿಡಿದೆ. ಕಣ್ಣುಗುಡ್ಡೆಯ ಮೇಲೆ ಜೋಳದ ಕಾಳಿನಷ್ಟು ಜಾಗ ಹಸಿರಾಗಿ ಹೊಳೆಯಿತು. ಕಾರ್ನಿಯಾ, ಅಂದರೆ ಗುಡ್ಡೆಯ ಮುಂದಿನ ಪಾರದರ್ಶಕ ಪದರ, ಹುಣ್ಣಾಗಿತ್ತು. ಹುಡುಗ "ಅಯ್ಯೋ" ಅಂದ. ಅಮ್ಮ ಮಾತಾಡಲಿಲ್ಲ.

ಬೆಕ್ಕಿನ ಕಣ್ಣಲ್ಲಿ ಬೆಳಿಗ್ಗೆ ಒಂದಿಷ್ಟು ಕಂದು ಬಣ್ಣದ ಒಣ ಗೀಜು ಇದ್ದರೆ ಗಾಬರಿ ಬೇಡ. ಪರ್ಷಿಯನ್ ಬೆಕ್ಕಿನ ಮುಖ ಚಪ್ಪಟೆ. ಕಣ್ಣೀರು ಮೂಗಿಗೆ ಇಳಿಯುವ ನಾಳ ಮಡಚಿದಂತಿರುತ್ತದೆ. ಹಾಗಾಗಿ ನೀರು ಕೆನ್ನೆ ಮೇಲೆ ಹರಿದು ಕೂದಲು ಕೆಂಪಾಗುತ್ತದೆ. ದಿನಾ ಒರೆಸಬೇಕು, ಅಷ್ಟೆ. ಸುಂದರವಾಗಿದೆ ಅಂತ ತಂದುಕೊಂಡ ಮುಖದ ಬಾಡಿಗೆ ಅದು.

ಹಳದಿ ಅಥವಾ ಹಸಿರು ಕೀವು ಬಂದರೆ ಮಾತು ಬೇರೆ. ಎರಡೂ ಕಣ್ಣಲ್ಲಿ ಕೀವು, ಜೊತೆಗೆ ಸೀನು, ಊಟ ಬೇಡ ಅನ್ನುವುದು ಇದ್ದರೆ ನನಗೆ ಮೊದಲು ಅನುಮಾನ ಬರುವುದು ಬೆಕ್ಕಿನ ಹರ್ಪಿಸ್ ವೈರಸ್ ಮೇಲೆ. ಇದು ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಒಮ್ಮೆ ಹೊಕ್ಕರೆ ಸಾಮಾನ್ಯವಾಗಿ ಬೆಕ್ಕಿನ ಮೈಯಲ್ಲೇ ಉಳಿಯುತ್ತದೆ. ಮನೆ ಬದಲಾಯಿತು, ಇನ್ನೊಂದು ಬೆಕ್ಕು ಬಂತು, ಹಬ್ಬಕ್ಕೆ ನೆಂಟರು ತುಂಬಿದರು, ಕಣ್ಣು ಮತ್ತೆ ಸೋರಲು ಶುರು. ಸ್ಟೀರಾಯ್ಡ್ ಬಿದ್ದರೆ ಈ ವೈರಸ್ಸಿಗೆ ಹಬ್ಬವೇ. ಕ್ಲಾಮಿಡಿಯಾ ಎಂಬ ಇನ್ನೊಂದು ಸೋಂಕು ಸಾಧಾರಣವಾಗಿ ಒಂದು ಕಣ್ಣಲ್ಲಿ ಶುರುವಾಗಿ ಕೆಲವು ದಿನಕ್ಕೆ ಇನ್ನೊಂದಕ್ಕೆ ದಾಟುತ್ತದೆ. ಅದಕ್ಕೆ ಸುಮಾರು 4 ವಾರ ಮಾತ್ರೆ ಬೇಕು, ಮನೆಯ ಎಲ್ಲ ಬೆಕ್ಕುಗಳಿಗೂ. ವಾರಕ್ಕೇ ನಿಲ್ಲಿಸುವವರೇ ಜಾಸ್ತಿ.

ಒಂದೇ ಕಣ್ಣು, ದಿಢೀರನೆ ನೀರು, ಕಣ್ಣು ಬಿಡಲ್ಲ ಅಂದರೆ ಪೆಟ್ಟು ಬಿದ್ದಿದೆ ಅಥವಾ ಏನೋ ಹೊಕ್ಕಿದೆ. ಮೆಣಸಿನಕಾಯಿ ಒಣಹಾಕುವ ಕಾಲಕ್ಕೆ, ಭತ್ತದ ಹೊಟ್ಟು ಹಾರುವಾಗ ಇಂಥವು ಬರುತ್ತವೆ. ಸಂಡೂರು ಕಡೆ ಕೆಂಪು ದೂಳು ಇದ್ದೇ ಇದೆ. ಇನ್ನು ಗಂಡುಬೆಕ್ಕುಗಳು ರಾತ್ರಿ ಜಗಳಾಡಿ ಉಗುರು ತಾಗಿಸಿಕೊಂಡು ಬರುವುದು ವರ್ಷಪೂರ್ತಿ.

ಮನೆಯಲ್ಲಿ ಮಾಡಬೇಕಾದ್ದು ಒಂದೇ: ಒರೆಸುವುದು. ಕಾಯಿಸಿ ಆರಿಸಿದ ನೀರು, ಇಲ್ಲ ಸಲೈನ್. ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿ, ತಲೆ ಮಾತ್ರ ಹೊರಗಿಡಿ. ತೋಯಿಸಿದ ಹತ್ತಿಯನ್ನು ಗೀಜಿನ ಮೇಲೆ ಅರ್ಧ ನಿಮಿಷ ಇಟ್ಟು ಮೆತ್ತಗಾಗಲು ಬಿಡಿ, ಎಳೆಯಬೇಡಿ. ಮೂಗಿನ ಕಡೆಯಿಂದ ಹೊರಗೆ ಒರೆಸಿ. ಒಂದು ಕಣ್ಣಿನ ಹತ್ತಿ ಇನ್ನೊಂದಕ್ಕೆ ಬೇಡ. ಕೈ ತೊಳೆಯಿರಿ. ಅರಿಶಿನ ನೀರು, ಚಹಾ ಡಿಕಾಕ್ಷನ್, ಕೊಬ್ಬರಿ ಎಣ್ಣೆ ಎಲ್ಲ ನೋಡಿದ್ದೇನೆ. ಒಂದರಿಂದಲೂ ಲಾಭ ಆಗಿದ್ದು ನೋಡಿಲ್ಲ. ನೋವಿಗೆ ಅಂತ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಬೆಕ್ಕು ಸಾಯುತ್ತದೆ.

ಕಣ್ಣು ಬಿಡದಿದ್ದರೆ, ಗುಡ್ಡೆ ಬೆಳ್ಳಗೆ ಮಂಜಾದರೆ ಅವತ್ತೇ ಬನ್ನಿ. ಇನ್ನೂ ಕಣ್ಣು ತೆರೆಯದ ಮರಿಯ ರೆಪ್ಪೆ ಉಬ್ಬಿದ್ದರೂ ಅಷ್ಟೆ, ಒಳಗೆ ಕೀವು ತುಂಬಿರುತ್ತದೆ. ಮರಿಗೆ 6ರಿಂದ 8 ವಾರಕ್ಕೆ ಮೊದಲ ಲಸಿಕೆ ಹಾಕಿಸಿ. ಅದು ಹರ್ಪಿಸ್ ಬರದಂತೆ ಪೂರ್ತಿ ತಡೆಯುವುದಿಲ್ಲ, ಬಂದರೂ ಜೋರು ಕಡಿಮೆ.

ಆ ಬೂದು ಬೆಕ್ಕಿನ ಹುಣ್ಣು ಮಾಯಲು ಮೂರು ವಾರ ಹಿಡಿಯಿತು. ಗುಡ್ಡೆಯ ಮೇಲೆ ಹೊಗೆಯಂಥ ಕಲೆ ಉಳಿದಿದೆ. ಜಿರಲೆ ಹಿಡಿಯಲು ಅದೇನೂ ಅಡ್ಡಿಯಾಗಿಲ್ಲ ಅಂತ ಹುಡುಗ ಹೇಳಿದ.